ಕಡಲು ಕೊಟ್ಟಷ್ಟೇ ಹೊತ್ತು

ಐರ್ಲೆಂಡಿನ ಡಬ್ಲಿನ್‌ನಿಂದ ಉತ್ತರಕ್ಕೆ, ಮೀತ್ ಕೌಂಟಿಯ ಲೇಟೌನ್ ಕಡಲತೀರದಲ್ಲಿ ವರ್ಷಕ್ಕೊಂದೇ ದಿನ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಕುದುರೆ ರೇಸ್. ನೋಡಲು ಊರ ಜಾತ್ರೆ, ನಿಯಮಗಳೆಲ್ಲ ಅಧಿಕೃತ ರೇಸಿನವು. 1868ರ ಹೊತ್ತಿಗೆ ಇದು ದೋಣಿ ಪಂದ್ಯದ ಜೋಡಿ ಆಟವಾಗಿತ್ತು: ಉಬ್ಬರಕ್ಕೆ ದೋಣಿ, ಇಳಿತಕ್ಕೆ ಕುದುರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಬೇಕಾದ ಹೊತ್ತಿಗೆ ಮರಳು ಬಯಲಾಗುವ ದಿನವನ್ನು ಉಬ್ಬರವಿಳಿತದ ಪಟ್ಟಿ ನೋಡಿಯೇ ಆರಿಸಬೇಕು.

ನೀರು ಸರಿದ ಮೇಲಷ್ಟೇ ಓಟದ ಹಾದಿ ಸಿದ್ಧವಾಗುವುದು. ಒದ್ದೆ ಮರಳು ಗಟ್ಟಿ, ಓಟಕ್ಕೆ ಒಳ್ಳೆಯದು. ಒಣ ಮರಳಿನಲ್ಲಿ ಗೊರಸು ಹೂತು ಕುದುರೆ ಬೇಗ ಬಳಲುತ್ತದೆ. ಮುಂದಿನವು ಎರಚುವ ಮರಳು ಹಿಂದಿನವುಗಳ ಮುಖಕ್ಕೆ ರಾಚುತ್ತದೆ, ಅಭ್ಯಾಸವಿಲ್ಲದ ಕುದುರೆ ಅಲ್ಲೇ ಹಿಂಜರಿಯುತ್ತದೆ. ಮೊದಲು ಯು ಆಕಾರದ ತಿರುವೂ ಇತ್ತು. 1994ರ ಅವಘಡದಲ್ಲಿ ಕುದುರೆಗಳು ಸತ್ತ ಬಳಿಕ ಅದನ್ನು ಕೈಬಿಟ್ಟರು. ಈಗ 6 ಅಥವಾ 7 ಫರ್ಲಾಂಗಿನ, ಅಂದರೆ 1,200ರಿಂದ 1,400 ಮೀಟರಿನ ನೇರ ಓಟ. ಒಂದು ರೇಸಿಗೆ ಹೆಚ್ಚೆಂದರೆ 10 ಕುದುರೆ.

ಇದನ್ನು ಕಾಣುವಾಗ ತುಳುನಾಡಿನ ಕಂಬಳ ನೆನಪಾಗದೆ ಇರದು. ಲೇಟೌನ್‌ನಲ್ಲಿ ಮುಖಕ್ಕೆ ಎರಚುವುದು ಕಾಟ. ಕೋಣಗಳು ತೂತಿರುವ ಹಲಗೆ ಎಳೆದು ಓಡುವ ನಮ್ಮ ಕನೆಹಲಗೆ ವಿಭಾಗದಲ್ಲಿ ಎರಚುವುದೇ ಗೆಲುವು, ಹಲಗೆಯ ತೂತಿನಿಂದ ಚಿಮ್ಮಿದ ನೀರು 6.5 ಕೋಲು, 7.5 ಕೋಲು (ಕೋಲು ಎತ್ತರದ ಅಳತೆ) ನಿಶಾನೆ ಮುಟ್ಟಿತೇ ಎಂಬುದರ ಮೇಲೆ ತೀರ್ಪು. ಅಲ್ಲಿ ಬುಕ್ಕಿಗಳು ರಾಜಾರೋಷವಾಗಿ ಬಾಜಿಯ ಹಲಗೆ ಹಾಕಿ ನಿಲ್ಲುತ್ತಾರೆ. ನಮ್ಮಲ್ಲಿ ಗೆದ್ದವರಿಗೆ ಪವನು ಲೆಕ್ಕದ ಚಿನ್ನ, ಮನೆತನದ ಮರ್ಯಾದೆ. ಆ ವಿಷಯದಲ್ಲಿ ನಾವೇ ಮೇಲು ಎನ್ನುತ್ತೇನೆ, ಮುಲಾಜಿಲ್ಲದೆ.

ಹೊತ್ತಿನ ವಿಷಯದಲ್ಲಿ ಮಾತ್ರ ಹಾಗನ್ನಲಾರೆ. ಲೇಟೌನ್‌ನಲ್ಲಿ ಯಾರ ಭಾಷಣವೂ ಕಡಲನ್ನು ತಡೆದು ನಿಲ್ಲಿಸದು. ಕಂಬಳದ ಕರೆಯ, ಅಂದರೆ ಕೋಣ ಓಡುವ ಕೆಸರು ಗದ್ದೆಯ, ನೀರು ಎಲ್ಲಿಗೂ ಹೋಗುವುದಿಲ್ಲ, ಅದೇ ತೊಂದರೆ. ಆರು ವಿಭಾಗ, 150ಕ್ಕೂ ಹೆಚ್ಚು ಜೋಡಿ ಕೋಣ ಸೇರಿದರೆ ಕಂಬಳ ಮುಗಿಸಬೇಕಾದ 24 ಗಂಟೆಯ ಮಿತಿ ಕಾಗದದಲ್ಲೇ ಉಳಿಯುತ್ತದೆ. ಹೊತ್ತು ಸೋರುವುದು ಓಟದಲ್ಲಲ್ಲ, ಓಟ ಶುರುವಾಗುವ ಗಂತಿನಲ್ಲಿ: ಒಂದು ಜೋಡಿ ನಿಂತರೆ ಇನ್ನೊಂದು ತಿರುಗುತ್ತದೆ, ಕೋಣ ಬಿಡುವವರು ಅನುಕೂಲ ಕಾಯುತ್ತಾರೆ. ಅಷ್ಟರಲ್ಲಿ ಕೋಣಗಳು ಬಿಸಿಲಿಗೆ ದಣಿಯುತ್ತವೆ, ಓಟ ಮುಗಿಯುವ ಮಂಜೊಟ್ಟಿಯ ಬಳಿ ಜನ ತೂಕಡಿಸುತ್ತಾರೆ. ಗಂತಿಗೆ ಬಂದ ಜೋಡಿಗೆ ಎಣಿಸಿದ ನಿಮಿಷ ಕೊಟ್ಟು, ಮೀರಿದರೆ ಯಾರ ಕೋಣವೇ ಆಗಲಿ ಆ ಸುತ್ತು ಸೋತಿತೆಂದು ಮೈಕಿನಲ್ಲಿ ಕೂಗಿಬಿಡಬೇಕು.