ಜೊತೆಗೆ ಹತ್ತಿದವರು ಜೊತೆಗೇ ಇಳಿಯಬೇಕು

ನಾನಿರುವುದು ಕಠ್ಮಂಡುವಿನಲ್ಲಿ. ಊರಿಂದ ಬರುವ ಹುಡುಗರು ಮೊದಲು ಪಶುಪತಿನಾಥನಿಗೆ ಕೈಮುಗಿಯುತ್ತಾರೆ. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಅಂತ ತಿಳಿದು ಖುಷಿಪಡುತ್ತಾರೆ. ಆಮೇಲೆ ಎವರೆಸ್ಟ್ ಕಡೆಗೆ ನಡಿಗೆ ಶುರುವಾಗುವ ಲುಕ್ಲಾಕ್ಕೆ ವಿಮಾನ ಹತ್ತುತ್ತಾರೆ. ಎವರೆಸ್ಟ್ ಬೇಸ್ ಕ್ಯಾಂಪ್ ನೋಡಬೇಕು ಅನ್ನುವ ಅವರ ಆಸೆ ನನಗೆ ತುಂಬಾ ಇಷ್ಟ. ಆದರೆ ದಾರಿಯಲ್ಲಿ ಒಬ್ಬನಿಗೆ ಹುಷಾರು ತಪ್ಪಿದರೆ ನಮ್ಮವರು ನಡೆದುಕೊಳ್ಳುವ ರೀತಿ ಕಂಡು ಭಯವಾಗುತ್ತದೆ.

ನಾವು ಬೆಟ್ಟ ಹತ್ತಲು ಕಲಿತದ್ದು ಕುಮಾರ ಪರ್ವತ, ಕುದುರೆಮುಖದಲ್ಲಿ. ಕುದುರೆಮುಖದ ಎತ್ತರ 1,894 ಮೀಟರ್. ಅಲ್ಲಿ ತಲೆನೋವು ಬಂದರೆ ಬಿಸಿಲಿಗೆ, ವಾಂತಿಯಾದರೆ ತಿಂದದ್ದು ಸೇರಲಿಲ್ಲ ಅಂತ ಲೆಕ್ಕ. ಗೆಳೆಯ ಬ್ಯಾಗ್ ಹೊತ್ತುಕೊಳ್ಳುತ್ತಾನೆ, ಉಪ್ಪು ಸಕ್ಕರೆ ನೀರು ಕುಡಿಸುತ್ತಾನೆ, "ಇನ್ನೇನು ಬಂದೇಬಿಡ್ತು ಕಣೋ" ಅನ್ನುತ್ತಾನೆ. ಅಷ್ಟಕ್ಕೇ ಸರಿಹೋಗುತ್ತದೆ. ಅದೇ ಪ್ರೀತಿ ಬೇಸ್ ಕ್ಯಾಂಪ್ ದಾರಿಯಲ್ಲಿ 4,940 ಮೀಟರ್ ಎತ್ತರದಲ್ಲಿರುವ ಲೊಬುಚೆಯಲ್ಲಿ ಜೀವಕ್ಕೇ ಕುತ್ತು ತರಬಹುದು. ಬೇಸ್ ಕ್ಯಾಂಪ್ ತಲುಪುವ ಹೊತ್ತಿಗೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಹೆಚ್ಚುಕಮ್ಮಿ ಅರ್ಧ, ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಅಲ್ಲಿ ತಲೆನೋವು ಬಂದರೆ ಮೇಲೆ ಹತ್ತುವುದನ್ನು ನಿಲ್ಲಿಸಬೇಕು. ಅದು ಜಾಸ್ತಿಯಾಗುತ್ತಾ ಹೋದರೆ, ನಡಿಗೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಕೆಳಗಿಳಿಯಲೇಬೇಕು. ಇದು ಎತ್ತರಕ್ಕೆ ಬರುವ ಕಾಯಿಲೆ, ಇಷ್ಟಾದ ಮೇಲೆ ಹೊದ್ದು ಮಲಗಿದರೆ ವಾಸಿಯಾಗುವುದಿಲ್ಲ. ಇನ್ನು ನಿದ್ದೆ ಮಾತ್ರೆ ಕೊಡುವುದಂತೂ ಬೇಡವೇ ಬೇಡ, ಉಸಿರಾಟ ಮತ್ತಷ್ಟು ಕುಗ್ಗಬಹುದು.

ಇಲ್ಲಿನ ಒಳ್ಳೆಯ ಗೈಡುಗಳ ರೀತಿಯೇ ಬೇರೆ. ನಮ್ಮ ಹಾಗೆ ಇಲ್ಲಿಯವರೂ ಎದುರು ಸಿಕ್ಕವರನ್ನು ಊಟ ಆಯ್ತಾ ಅಂತ ಕೇಳುತ್ತಾರೆ. ಬೆಟ್ಟದ ಮೇಲೆ ಗೈಡು ಹಾಗೆ ಕೇಳಿದಾಗ ಅವರ ಕಣ್ಣು ನಿಮ್ಮ ತಟ್ಟೆಯ ಮೇಲಿರುತ್ತದೆ. ದಾಲ್ ಭಾತ್ ಅರ್ಧಕ್ಕೆ ಬಿಟ್ಟಿರಾ? ನಿದ್ದೆ ಬಂತಾ? ಸರಿಯಾಗಿ ಮೂತ್ರಕ್ಕೆ ಹೋದಿರಾ? ಹೀಗೆ ಕೇಳುವುದಕ್ಕೆ ಅವರಿಗೆ ಸಂಕೋಚವಿಲ್ಲ. ನಮ್ಮವರಿಗೆ ಹೇಳುವುದಕ್ಕೆ ಸಂಕೋಚ. ರಜೆ ಹಾಕಿದ್ದೇವೆ, ದುಡ್ಡು ಕಟ್ಟಿದ್ದೇವೆ, ತನ್ನಿಂದ ಎಲ್ಲರಿಗೂ ತೊಂದರೆ ಆಗಬಾರದು ಅಂತ ನೋವು ನುಂಗಿಕೊಳ್ಳುತ್ತಾರೆ.

ಪರಿಚಯದ ಶೆರ್ಪಾ ಗೈಡ್ ಒಬ್ಬರು ಹೇಳಿದ ಸಂಗತಿ ಇದು. ಲೊಬುಚೆಯ ಲಾಡ್ಜಿನಲ್ಲಿ ನಮ್ಮ ಕಡೆಯ ಇಬ್ಬರು ಗೆಳೆಯರು. ಒಬ್ಬನಿಗೆ ವಾಂತಿ. ಗೈಡು ಅವನನ್ನು ಒಲೆಯ ಪಕ್ಕದಲ್ಲಿ, ಹಲಗೆಯ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದರು. ಮೂರನೇ ಹೆಜ್ಜೆಗೇ ಗೋಡೆ ಹಿಡಿದ. ಕೂಡಲೇ ಇಳಿಯೋಣ ಅಂದರು. "ನೀವು ಕರ್ಕೊಂಡು ಹೋಗಿ, ನಾನು ನಾಳೆ ಬೇಸ್ ಕ್ಯಾಂಪ್ ನೋಡ್ಕೊಂಡು ಬರ್ತೀನಿ" ಅಂದನಂತೆ ಇನ್ನೊಬ್ಬ. ಗೈಡು ಒಪ್ಪಲಿಲ್ಲ. "ಅವನು ಈಗ ನಿಮ್ಮ ಭಾಷೆಯಲ್ಲಿ ಮಾತಾಡ್ತಿದ್ದಾನೆ. ಸರಿಯಾಗಿ ಮಾತಾಡ್ತಿದ್ದಾನೋ ತಪ್ಪಾಗಿ ಮಾತಾಡ್ತಿದ್ದಾನೋ ನಂಗೆ ಹೇಗೆ ಗೊತ್ತಾಗಬೇಕು?" ಅಂದರು. ಮೂವರೂ ಟಾರ್ಚ್ ಹಿಡಿದು ಕೆಳಗಿನ ಹಳ್ಳಿ ಫೆರಿಚೆಗೆ ಇಳಿದರು.

ಎತ್ತರದಲ್ಲಿ ಮಿದುಳು ಊದಿಕೊಂಡರೆ ಬುದ್ಧಿಯೂ ಮಂಕಾಗುತ್ತದೆ. ಆಗ ಕಾಯಿಲೆಯಾದವನು "ನಂಗೇನೂ ಆಗಿಲ್ಲ" ಅಂದರೆ ನಂಬುವ ಹಾಗಿಲ್ಲ. ಅವನು ದಿನಾ ಹೇಗೆ ಮಾತಾಡುತ್ತಾನೆ, ಯಾವಾಗ ರೇಗುತ್ತಾನೆ ಅಂತ ಬಲ್ಲವನು ಗೆಳೆಯನೇ ಅಲ್ವಾ? ತೀರ್ಮಾನ ಆ ಗೆಳೆಯನೇ ಮಾಡಬೇಕು, ಜೊತೆಗೂ ಹೋಗಬೇಕು. ಹೆಲಿಕಾಪ್ಟರ್ ಬರುತ್ತದೆ ಅಂತ ಕಾಯುವಂತಿಲ್ಲ. ಕತ್ತಲಲ್ಲಿ, ಮೋಡದಲ್ಲಿ ಅದು ಸಾಮಾನ್ಯವಾಗಿ ಬರುವುದಿಲ್ಲ.

ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಕ್ಲಿನಿಕ್ ಇದೆ. 1973ರಲ್ಲಿ ಶುರುವಾದ ಸಂಸ್ಥೆ ಅದು. ಸೀಸನ್ನಿನಲ್ಲಿ ಮಧ್ಯಾಹ್ನದ ಹೊತ್ತು ಡಾಕ್ಟರುಗಳು ಇದನ್ನೆಲ್ಲ ಬಿಡಿಸಿ ಹೇಳುತ್ತಾರೆ. ಇಬ್ಬರೂ ಹೋಗಿ ಕೂತು ಕೇಳಿ. ಒಬ್ಬನಿಗೆ ಆಗದಿದ್ದರೆ ಇಬ್ಬರೂ ವಾಪಸ್ ಅಂತ ಕಠ್ಮಂಡುವಿನಲ್ಲೇ ಮಾತಾಡಿಕೊಳ್ಳಿ. ಮುಖ್ಯವಾಗಿ, ಟಿಕೆಟ್ ಮಾಡಿಸುವಾಗ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಯಾರಿಗೂ ಏನೂ ಆಗದಿದ್ದರೂ ಅವು ದಂಡವಾಗುವುದಿಲ್ಲ, ಮೋಡ ಕವಿದರೆ ಲುಕ್ಲಾದಿಂದ ವಿಮಾನ ಹೇಗೂ ಹೊರಡುವುದಿಲ್ಲ.