ನಾಕು ಗಾಲಿ ಗಾಡಿ, ಜಗ್ಗೋದು ಮೂರೇ

ನಮ್ಮ ಕಾಕಾನ ಮಗ, ನನಗ ಅಣ್ಣ ಆಗ್ಬೇಕು, ಹೈದರಾಬಾದ್ ಕಡಿ ಯಾರ್ದೋ ಫಾರ್ಮ್‌ಹೌಸ್ನಾಗ ಬಿಸಲಾಗ ಬಿದ್ದಿತ್ತಂತ, ಸಸ್ತಾದಾಗ ಸಿಕ್ತಂತ ಒಂದು ಹಳೇ ಎಟಿವಿ ತಂದಾನ. ಎಟಿವಿ ಅಂದ್ರ ದಪ್ಪ ದಪ್ಪ ನಾಕು ಗಾಲಿ, ಮ್ಯಾಲೆ ಬೈಕಿನ ಹ್ಯಾಂಡಲ್. ನಂಬರ್ ಪ್ಲೇಟ್ ಇಲ್ಲ, ರೋಡಿಗಿ ಇಳಿಸಂಗಿಲ್ಲ, ಅದಕ್ಕ ಛೋಟಾ ಹಾಥಿದಾಗ ಹೇರ್ಕೊಂಡು ಆಳಂದ ರೋಡಿನ ನಮ್ಮೂರಿಗಿ ಬಂತು. ಊರ ಹುಡುಗ್ರೆಲ್ಲ ಹಿಂದಿಂದ ಓಡಿ ಬಂದ್ರು, ಸರ್ಕಸ್ ಬಂತಂತ ತಿಳ್ಕೊಂಡಿದ್ರೋ ಏನೋ.

ಅಣ್ಣಂದು ಪ್ಲಾನ್ ಏನಪಾ ಅಂದ್ರ, ಇದ್ರ ಹಿಂದ ಟ್ಯಾಂಕ್ ಕಟ್ಟಿ ತೊಗರಿಗಿ ಎಣ್ಣಿ ಹೊಡಿಯೋದು. "ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ, ಇನ್ನ ಬೆನ್ನಿಗಿ ಪಂಪ್ ಕಟ್ಕೊಂಡು ತಿರಗಿದ್ರ ಮರ್ಯಾದಿ ಏನುಳೀತು" ಅಂತ ಅವನ ವಾದ. ಕಾಕಾ ಏನೂ ಮಾತಾಡ್ಲಿಲ್ಲ, ಒಂದು ಹಗ್ಗ ತಂದು ಗಾಡಿ ಅಗಲ ಅಳದ, ಹತ್ರಹತ್ರ ನಾಕು ಫೂಟ್, ಅದೇ ಹಗ್ಗ ತಗೊಂಡು ಹೋಗಿ ತೊಗರಿ ಸಾಲಿನ ನಡು ಹಿಡ್ದ, ಮೂರು ಫೂಟ್. ಹಗ್ಗ ಸುತ್ಕೊಂಡು ಮನಿಗಿ ಹೋದ. ಅವತ್ತಿಂದ ಗಾಡಿಗಿ ಉಳ್ದ ಕೆಲಸ ಒಂದೇ, ಹೊಲದ ಆ ತುದಿಗಿ ಹೋಗಿ ಬೋರ್ ಚಾಲೂ ಮಾಡಿ ಬರೋದು.

ಅದನ್ನಾದ್ರೂ ಮಾಡ್ತಿತ್ತು, ಮಳಿ ಬರೋತನಾ.

ನಮ್ದು ಎರಿ ಹೊಲ. ಬ್ಯಾಸಿಗ್ಯಾಗ ಕಾಲು ಹೋಗೋವಷ್ಟು ಬಿರಕು ಬಿಡ್ತದ, ಮಳಿ ಬಿದ್ರ ಉಬ್ಬಿ ಚಪ್ಲಿ ಕಿತ್ಕೊಂಡು ತನ್ನ ಹತ್ರಾನೇ ಇಟ್ಕೋತದ. ಅಣ್ಣ ನಾಕೂ ಗಾಲಿ ಜಗ್ಗಸೋ ಆಲ್ ವೀಲ್ ಡ್ರೈವ್ ಸ್ವಿಚ್ ಒತ್ತಿ, ನೋಡ್ಕೋ ಈಗ ಅಂತ ನನಗ ಹೇಳಿ ಹೊಲಕ್ಕ ಇಳಿಸ್ದ. ಹಿಂದಿನ ಗಾಲಿ ಗರಗರ ತಿರಗಿ ನನ್ನ ಬಿಳಿ ಅಂಗಿ ಕರಿ ಮಾಡಿದ್ವು, ಮುಂದಿನವ್ರಾಗ ಎಡಗಾಲಿ ಜರಾ ಜಗ್ತು, ಬಲಗಾಲಿ ಮೈಗಳ್ಳಂಗ ನಿಂತ್ಕೊಂಡು ನೋಡ್ತು, ಗಾಡಿ ಬಲಕ್ಕ ಹೊಳ್ಳಿ ಪಕ್ಕದ ಹೊಲದವ್ರ ಬದುವಿಗಿ ಹೋಗಿ ಕುಂತ್ತು.

ಇನ್ನ ಸಲಹೆ ಕೊಡೋವ್ರಿಗಿ ಏನು ಕಮ್ಮಿ. ಪಂಕ್ಚರ್ ಅಂಗಡಿಯವ ಗಾಲಿ ಒತ್ತಿ ನೋಡಿ ಗಾಳಿನೇ ಇಲ್ಲಲ್ರಿ, ಬೈಕಿನಂಗ ಮೂವತ್ತು ಹೊಡೀತೀನಿ ಅಂತ ಪೈಪ್ ಹಚ್ಚಲಕ್ಕ ಬಂದ. ಇಂಥ ಗಾಡಿಗಿ 5 ಪಿಎಸ್ಐ ಆಸುಪಾಸು ಗಾಳಿ ಸಾಕು, ಮೆತ್ತಗಿದ್ರನೇ ರಾಡ್ಯಾಗ ಹಿಡಿತ ಬರ್ತದ, ಅವನ ಕೈ ಹಿಡಿಯೋದ್ರಾಗ ಸಾಕಾಯ್ತು. ಊರಾಗಿನ ಟ್ರ್ಯಾಕ್ಟರ್ ಡ್ರೈವರ್, ಹಬ್ಬಿನಾಗ, ಅಂದ್ರ ಮುಂದಿನ ಗಾಲಿ ನಡುವಿನ ಗಡ್ಡಿದಾಗ, ದಪ್ಪನ್ನ ಗೇರ್ ಆಯಿಲ್ ಹಾಕ್ರಿ ಅಂದ. ಅದು ಇನ್ನೂ ಕೆಟ್ಟ ಐಡಿಯಾ, ಅದಕ್ಕ ತೆಳ್ಳನ ಬ್ಯಾರೆ ಎಣ್ಣಿನೇ ಬೇಕು.

ಕಡಿಗಿ ಕಲಬುರಗಿ ರಿಂಗ್ ರೋಡಿಂದ ಒಬ್ಬ ಮೆಕ್ಯಾನಿಕ್ ಉಸ್ತಾದ್‌ನ ಕರ್ಕೊಂಡು ಬಂದಿವಿ. ಮೊದ್ಲು ಅಣ್ಣಗ ಬೈದ. ಈ ಗಾಡ್ಯಾಗ ಇಂಜಿನ್ 3100 ಆರ್‌ಪಿಎಂ ಮ್ಯಾಲಿದ್ದಾಗ ಸ್ವಿಚ್ ಒತ್ತಿದ್ರ ಏನೂ ಆಗಂಗಿಲ್ಲ, ಎಕ್ಸಲೇಟರ್ ಬಿಟ್ಟು ಒತ್ತಬೇಕು, ಅಣ್ಣ ಮಾತ್ರ ಸಿಕ್ಕೊಂಡ್ ಮ್ಯಾಲೆ ಮತ್ತ ಮತ್ತ ಕಿವಿ ಹರಿಯಂಗ ರೇಸ್ ಮಾಡ್ಕೋತ ಸ್ವಿಚ್ ಒತ್ತಾಂವ. ಆಮ್ಯಾಲೆ ನಮಗ ತಿಳಿಸಿ ಹೇಳ್ದ. ಮುಂದಿನ ಎರಡೂ ಹಬ್ಬಿನಾಗ ಒಂದೊಂದು ಕಾಯಿಲ್, ಅಂದ್ರ ತಂತಿ ಸುರುಳಿ, ಇರ್ತದ, ಅದರಾಗ ಕರೆಂಟ್ ಹರಿದ್ರ ಅದು ಅಯಸ್ಕಾಂತ ಆಗಿ ಒಂದು ಪ್ಲೇಟ್ ಹಿಡೀತದ, ಹಿಂದಿನ ಗಾಲಿ ಜಾರಿದಾಗ ಒಳಗಿನ ರೋಲರ್ ಸಿಕ್ಕೊಂಡು ಮುಂದಿನ ಗಾಲಿನೂ ಜಗ್ತದ. ಅಲ್ಲೀತನಾ ಮುಂದಿನವು ಸುಮ್ನ ಉರುಳ್ತಾವ, ಮದಿವಿ ಮನ್ಯಾಗ ಎರಡನೇ ಸಲ ಕರಿಯೋತನಾ ಊಟಕ್ಕ ಏಳಲಾರದ ಬೀಗರಂಗ.

ಗಾಡಿನ ಕೊಟ್ಟಿಗಿ ಮುಂದ ಶಹಾಬಾದ್ ಕಲ್ಲಿನ ಮ್ಯಾಲೆ ಎತ್ತಿ ನಿಂದ್ರಿಸಿ ಚಾಲೂ ಮಾಡಿದ್ರ ಏನ್ ಹೇಳ್ಲಿ, ನಾಕೂ ಗಾಲಿ ಚಂದ ತಿರಗತಾವ! ಉಸ್ತಾದ್ ಇಂಜಿನ್ ಬಂದ್ ಮಾಡಿ, ಬಲಗಾಲಿ ಕಾಯಿಲಿನ ವೈರ್ ಬಿಚ್ಚಿ, ಹಳದಿ ಮೀಟರ್ ಹಚ್ಚಿ ನೋಡ್ದ, 24 ಓಮ್. ಎಷ್ಟಿರ್ಬೇಕೋ ಅಷ್ಟೇ. "ಕಾಯಿಲ್ ಝಕಾಸ್ ಅದರಿ, ಬ್ಯಾಟರಿ ಝಕಾಸ್ ಅದ. ಗಾಡಿ ಸರಿ ಅದ ಸಾವ್ಕಾರ್ರ, ನಿಮ್ಮ ಹೊಲಾನೇ ಖರಾಬ್ ಅದ" ಅಂದು ಚಾ ಕುಡಿಲಕ್ಕ ಕುಂತ. ಅಣ್ಣ ಹೊಲದ ಕಡಿ ನೋಡಿ ಹೌದೇನೋ ಅನ್ನೋ ಮಾರಿ ಮಾಡ್ದ, ಮೂರು ತಲಿಯಿಂದ ಬಂದ ಹೊಲ ರೀ ಅದು, ಅದಕ್ಕ ಹಿಂಗ ಯಾರೂ ಅಂದಿರ್ಲಿಲ್ಲ.

ಅಷ್ಟೊತ್ತಿಗಿ ದನ ಮನಿಗಿ ಬರೋ ಟೈಮ್. ಮುಂದಿದ್ದ ಎಮ್ಮಿ, ತನ್ನ ಹಾದ್ಯಾಗ ಇದ್ಯಾರಪಾ ನಿಂತೋರು ಅಂತ ಮೈ ಉಜ್ಕೋತ ಹೊಂಟ್ತು, ಹ್ಯಾಂಡಲ್ ಪೂರಾ ಬಲಕ್ಕ ತಿರಗ್ತು, ಮೀಟರ್ ಕ್ಲಿಪ್ ಹಚ್ಚಿದ್ದು ಹಂಗೇ ಇತ್ತು, 24 ಹೋಗಿ 1 ಬಂತು. ಈ ಮೀಟರ್ನಾಗ ಎಡಕ್ಕ 1 ಒಂದೇ ಬಂದ್ರ ಲೈನ್ ಕಟ್ ಅಂತ ಅರ್ಥ. ಉಸ್ತಾದ್ ಚಾ ಬಿಟ್ಟು ಎದ್ದ. ಹ್ಯಾಂಡಲ್ ಸೀದಾ ಮಾಡಿದ್ರ 24, ಬಲಕ್ಕ ತಿರಗಿಸಿದ್ರ 1. ಗಾಲಿ ತಿರಗಿದಾಗೆಲ್ಲ ಹಬ್ಬಿಗಿ ಹೋಗೋ ವೈರ್ ಮಣಿದು ಮಣಿದು ಒಳಗ ತಂತಿ ಹರಿದಾದ, ಮ್ಯಾಲಿನ ರಬ್ಬರ್ ಮಾತ್ರ ಗಟ್ಟಿ. ಸೀದಾ ಇದ್ದಾಗ ತುದಿಗಿ ತುದಿ ತಾಕ್ತದ, ತಿರುವಿದ್ರ ಬಿಡ್ತದ. ರಾಡ್ಯಾಗ ಸಿಕ್ಕೊಂಡೋವ ಹ್ಯಾಂಡಲ್ ಸೀದಾ ಹಿಡ್ಕೊಂಡು ಕುಂದರ್ತಾನೇನು, ಆ ಕಡಿ ಈ ಕಡಿ ತಿರುವೇ ತಿರುವ್ತಾನ.

ಕಾಕಾ ಬಾಗಿಲದಾಗ ನಿಂತು ಕೇಳ್ದ, "ಮಜೂರಿ ಉಸ್ತಾದ್‌ಗಿ ಕೊಡೋದೋ, ಎಮ್ಮಿಗಿ ಕೊಡೋದೋ?"

ಉಸ್ತಾದ್ ನಗಲಿಲ್ಲ. ಹಳೇ ಟ್ರಾಲಿ ಲೈಟಿನ ವೈರ್ ಕೊಯ್ದು ಬೆಸುಗಿ ಹಾಕಿ, ಈ ಸಲ ತಿರಗಲಕ್ಕ ಜಗ್ಗಬಾರ್ದಂತ ಜರಾ ಉದ್ದ ಬಿಟ್ಟು, ಟೇಪ್ ಸುತ್ತಿ ಕೊಟ್ಟ. ಪೂರಾ ಮಜೂರಿ ತಗೊಂಡ ಮ್ಯಾಲೆ ಎಮ್ಮಿ ಕಡಿ ತಿರಗಿನೂ ನೋಡ್ಲಿಲ್ಲ.

ಮರುದಿನ ರಾತ್ರಿ ಜಿಟಿಜಿಟಿ ಮಳಿ ಬಿತ್ತು. ಮುಂಜಾನಿ ಅಣ್ಣ ಎಕ್ಸಲೇಟರ್ ಬಿಟ್ಟು, ಶಿಸ್ತಾಗಿ ಸ್ವಿಚ್ ಒತ್ತಿ, ಹೊಲಕ್ಕ ಇಳಿಸ್ದ. ಗಾಡಿ ಸೀದಾ ಹೊಂಟ್ತು, ಈ ಸಲ ಬದುವಿನ ಕಡಿ ಹೊಳ್ಳಲೇ ಇಲ್ಲ, ಬರೋಬ್ಬರಿ ಹೊಲದ ನಡುಮಧ್ಯ ಹೋಗಿ, ಮಡ್‌ಗಾರ್ಡ್ ತುಂಬ ಎರಿ ಮಣ್ಣು ಮೆತ್ಕೊಂಡು ಹೊಟ್ಟಿತನಾ ಇಳಿದು ನಿಂತ್ತು. ಟ್ರ್ಯಾಕ್ಟರ್ ಡ್ರೈವರ್‌ಗಿ ಫೋನ್ ಮಾಡಿದ್ರ ಸರಪಳಿ ತಗೊಂಡು ಬಂದ, ನಗಬಾರ್ದಂತ ಬಾಯಿಗಿ ಟವೆಲ್ ಹಿಡ್ಕೊಂಡಿದ್ದ. ಅಣ್ಣ ಮಾತ್ರ ಮೊಣಕಾಲತನಾ ರಾಡ್ಯಾಗ ನಿಂತು ಬಗ್ಗಿ ಮುಂದಿನ ಗಾಲಿ ನೋಡಿ ಖುಷಿಲಿಂದ ಒದರ್ದ, "ಏ ತಮ್ಮಾ ಬಾ ಇಲ್ಲಿ, ಬಲಗಾಲಿನೂ ಗುಂಡಿ ತೋಡ್ಯಾದ ನೋಡು!"