ಕಲ್ಲು ತೊಳೆದಿಟ್ಟು ಬರುವುದು

ಅಕ್ಕನ ಮಗಳು ಕಾಲೇಜಿಗೆಂದು ಶಿವಮೊಗ್ಗದಲ್ಲಿ ಪಿಜಿ ಸೇರಿ ಎರಡು ತಿಂಗಳಾಗಿತ್ತು. ಈ ಸಲದ ಆಷಾಢದಲ್ಲಿ ನಾನು ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಒಂದು ಶನಿವಾರ ಅವಳು ಮಳೆಯಲ್ಲೇ ನೆನೆದುಕೊಂಡು ಬಂದಳು. ಹೆಗಲಲ್ಲಿ ದೊಡ್ಡ ಬ್ಯಾಗು, ಅದರ ತುಂಬ ವಾರವಿಡೀ ಹಾಕಿದ ಬಟ್ಟೆ. ಒಗೆಯುವುದಕ್ಕೆಂದೇ 60 ಕಿಲೋಮೀಟರು ಹೊತ್ತು ತಂದಿದ್ದಳು.

"ಅಲ್ಲಿ ಮಷಿನ್ ಇಲ್ವನೇ?" ಎಂದೆ.

"ಇದೆ ಮಾವ. 18 ಜನಕ್ಕೆ ಒಂದು. ಅದರೊಳಗೆ ಕೈ ಹಾಕಕ್ಕೇ ಮನಸ್ಸು ಬರಲ್ಲ."

ಆಮೇಲೆ ಒಂದೊಂದಾಗಿ ಹೇಳಿದಳು. ಡ್ರಮ್ಮಿನ ತಳದಲ್ಲಿ ಯಾರದೋ ಉದ್ದ ಕೂದಲು, ಒಂಟಿ ಕಾಲುಚೀಲ, ಕರಗಿ ಮೆತ್ತಿಕೊಂಡ ಟಿಶ್ಯೂ ಕಾಗದ. ಕೆಲವರು ಮಷಿನ್ ಹಾಕಿ ಕಾಲೇಜಿಗೆ ಹೋಗಿಬಿಡುತ್ತಾರೆ. ಅವರ ಒದ್ದೆ ಬಟ್ಟೆ ಸಂಜೆವರೆಗೂ ಅದರಲ್ಲೇ ಮುದ್ದೆಯಾಗಿ ಬಿದ್ದಿರುತ್ತದೆ. ತೆಗೆದಿಟ್ಟರೆ "ನನ್ನ ಬಟ್ಟೆ ಮುಟ್ಟಿದ್ದು ಯಾರು" ಎಂದು ವಾಟ್ಸಾಪ್ ಗುಂಪಿನಲ್ಲಿ ಜಗಳ, ತೆಗೆಯದಿದ್ದರೆ ಅವತ್ತು ಒಗೆಯುವ ಹಾಗಿಲ್ಲ. ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲದೆ, ಪ್ರತಿಯೊಬ್ಬಳೂ ತನ್ನ ಬಟ್ಟೆ ಹಾಕುವ ಮೊದಲು ಮಷಿನನ್ನು ಒಮ್ಮೆ ಖಾಲಿ ಓಡಿಸುತ್ತಾಳೆ. ನೀರು ಪೋಲಾಗುತ್ತದೆಂದು ಮಾಲೀಕರ ಬೈಗುಳ ಬೇರೆ.

ಅವಳ ಮಾತಿನಲ್ಲಿ ನನಗೆ ಹೊಸದೇನೂ ಇರಲಿಲ್ಲ. ನಾನು ಸ್ಟಾಕ್‌ಹೋಮ್ ಸೇರಿ 11 ವರ್ಷವಾಯಿತು. ನನ್ನ ಮನೆಯೊಳಗೂ ಮಷಿನ್ ಇಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಒಗೆಯುವ ಕೋಣೆಯಿದೆ, 32 ಮನೆಯವರಿಗೂ ಅದೇ. ‘ತ್ವೆತ್‌ಸ್ತುಗಾ’ ಎಂದು ಅದರ ಹೆಸರು, ಒಗೆಯುವ ಗುಡಿಸಲು ಎಂಬ ಅರ್ಥ. ಬಾಗಿಲ ಪಕ್ಕ ಒಂದು ಹಲಗೆ, ಹಲಗೆಯಲ್ಲಿ ತಿಂಗಳ ಒಂದೊಂದು ದಿನಕ್ಕೂ ಕೆಲವು ತೂತು. ಪ್ರತಿ ಮನೆಗೂ ಹೆಬ್ಬೆರಳ ಗಾತ್ರದ ಒಂದು ಬೀಗ ಕೊಟ್ಟಿರುತ್ತಾರೆ. ಬೇಕಾದ ಹೊತ್ತಿನ ತೂತಿಗೆ ನಮ್ಮ ಬೀಗ ಸಿಕ್ಕಿಸಿ ಕೀಲಿ ತಿರುಗಿಸಿದರೆ ಆ ಮೂರು ಗಂಟೆ ನಮ್ಮದು. ಮನೆಗೆ ಒಂದೇ ಬೀಗವಾದ್ದರಿಂದ ಯಾರೂ ಎರಡು ಹೊತ್ತು ಹಿಡಿದಿಟ್ಟುಕೊಳ್ಳಲಾರರು. ಈಗ ಅನೇಕ ಕಡೆ ಹಲಗೆಯ ಜಾಗಕ್ಕೆ ಡಿಜಿಟಲ್ ಪರದೆ ಬಂದಿದೆ, ಲೆಕ್ಕ ಮಾತ್ರ ಹಳೆಯದೇ.

ಹೋದ ಹೊಸದರಲ್ಲಿ ಒಂದು ಸಂಜೆ ನನ್ನ ಸರದಿಗೆ ಇಳಿದು ಹೋದೆ. ಮಷಿನ್ ನಿಂತಿತ್ತು. ಗಾಜಿನ ಬಾಗಿಲ ಹಿಂದೆ ಯಾರೋ ಹೆಂಗಸಿನ ಬಟ್ಟೆ, ಒಳಉಡುಪೂ ಸೇರಿ. ನಮ್ಮ ಕಡೆ ಗಂಡುಮಕ್ಕಳು ಅಂಗಳದ ತಂತಿಯ ಮೇಲಿರುವ ಪರರ ಮನೆ ಹೆಂಗಸರ ಬಟ್ಟೆಯತ್ತ ನೋಡದೆ ದಾಟಿ ಹೋಗುವುದನ್ನು ಚಿಕ್ಕಂದಿನಲ್ಲೇ ಕಲಿಯುತ್ತಾರೆ, ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಧ ಗಂಟೆ ನಿಂತೆ. ಮುಟ್ಟಲು ಆಗಲಿಲ್ಲ. ಬುಟ್ಟಿ ಎತ್ತಿಕೊಂಡು ಹಾಗೇ ಮೇಲೆ ಬಂದೆ. ಮಾರನೆಯ ವಾರ ಪಕ್ಕದ ಮನೆಯ ಹಿರಿಯರೊಬ್ಬರು ಆ ಕೋಣೆಯ ಪದ್ಧತಿ ತಿಳಿಸಿದರು. ಸರದಿ ಮುಗಿದ ಮೇಲೂ ಬಟ್ಟೆ ಉಳಿದಿದ್ದರೆ ಸ್ವಲ್ಪ ಕಾದು, ತೆಗೆದು ಬುಟ್ಟಿಗೆ ಹಾಕಿಡುವುದು. ಬಿಟ್ಟುಹೋದವರೇ ಆಮೇಲೆ ಕ್ಷಮೆ ಕೇಳುತ್ತಾರೆ, ತೆಗೆದಿಟ್ಟವರು ಕೇಳಬೇಕಿಲ್ಲ. ಇಷ್ಟು ಸ್ಪಷ್ಟವಾಗಿ ಯಾರಾದರೂ ಹೇಳಿದ ಮೇಲೆ ಆ ಮುಜುಗರದ ಅರ್ಧ ಭಾರ ಇಳಿದೇ ಹೋಯಿತು.

ಸ್ವೀಡನ್ನಿನ ಜನ ಹುಟ್ಟಾ ಶಿಸ್ತಿನವರು ಎಂದು ಹೊಗಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅವರ ಮುತ್ತಜ್ಜಿಯರೂ ಕೆರೆ ದಂಡೆಯಲ್ಲಿ ಮಂಡಿಯೂರಿ, ಮರದ ಕೊಡತಿಯಲ್ಲಿ ಬಡಿದು ಬಟ್ಟೆ ಒಗೆದವರೇ. ಚಳಿಗಾಲದಲ್ಲಿ ಹಿಮಗಟ್ಟಿದ ನೀರಿಗೆ ತೂತು ಕೊರೆದು ಜಾಲಿಸುತ್ತಿದ್ದರು. 1923ರಲ್ಲಿ ಹುಟ್ಟಿದ ಎಚ್‌ಎಸ್‌ಬಿ ಎಂಬ ಸಹಕಾರಿ ವಸತಿ ಸಂಘ ತಾನು ಕಟ್ಟಿದ ಮನೆಗಳಲ್ಲಿ ಇಂಥ ಕೋಣೆಗಳನ್ನು ಮಾಡತೊಡಗಿತು. 1965ರಿಂದ 1974ರವರೆಗೆ ಸರ್ಕಾರ 10 ಲಕ್ಷ ಮನೆ ಕಟ್ಟಿಸುವ ಹೊತ್ತಿಗೆ ಅದು ಸಾಮಾನ್ಯ ಸೌಲಭ್ಯವಾಗಿತ್ತು. ಜಗಳ ಅಲ್ಲೂ ಉಂಟು. ಕೋಣೆಯ ಗೋಡೆಗೆ ಸಿಟ್ಟಿನ ಚೀಟಿ ಅಂಟಿಸುವುದು ಆ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಚೀಟಿಗಳಲ್ಲಿ ತೀರ ಸಾಮಾನ್ಯವಾದ ದೂರು, ಡ್ರೈಯರಿನ ಜಾಲರಿಯಲ್ಲಿ ಸೇರಿದ ಬಟ್ಟೆಯ ಜುಂಗನ್ನು ತೆಗೆಯದೆ ಹೋದಿರಿ ಎಂಬುದು.

2018ರಲ್ಲಿ ಅಮ್ಮ ಮೂರು ತಿಂಗಳು ನನ್ನ ಜೊತೆಗಿದ್ದಳು. ನಮ್ಮದು ಮಡಿಯ ಮನೆ. ಅಟ್ಟದ ಕೆಳಗೆ ಎತ್ತರದಲ್ಲಿ ಕಟ್ಟಿದ ಬಿದಿರ ಗಳದ ಮೇಲೆ ಮಡಿಸೀರೆ ಒಣಗುತ್ತಿತ್ತು, ಕೋಲಿನಿಂದಲೇ ಹಾಕಿ ಕೋಲಿನಿಂದಲೇ ತೆಗೆಯಬೇಕು. ಅಂಥವಳು ನೆಲಮಾಳಿಗೆಗೆ ಇಳಿದು ಬಂದು ಒಂದು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ನಾನು ಬಟ್ಟೆ ತೆಗೆದು, ಜುಂಗು ಕಿತ್ತು, ಸೋಪಿನ ಪುಡಿ ಹಾಕುವ ಡಬ್ಬಿ ತೊಳೆದು, ರಬ್ಬರಿನ ಪಟ್ಟಿ ಒರೆಸಿ, ಮಷಿನ್ ಬಾಗಿಲು ತೆರೆದಿಟ್ಟು, ನೆಲ ಗುಡಿಸಿ ಒರೆಸಿದೆ.

"ಎಂತಕ್ಕೆ ಇದೆಲ್ಲ? ಒಗೆದಾಯ್ತಲ್ಲ" ಅಂದಳು.

"ಮುಂದಿನವರಿಗೆ ಅಮ್ಮಾ."

"ಶುದ್ಧ ಮಾಡೋದಿದ್ರೆ ನಮ್ಮ ಬಟ್ಟೆ ಹಾಕೋ ಮೊದಲಲ್ವನಾ ಮಾಡ್ಬೇಕು?"

ಆ ಪ್ರಶ್ನೆ ನನ್ನನ್ನು ಈವರೆಗೂ ಬಿಟ್ಟಿಲ್ಲ. ನಮ್ಮ ಮಡಿ ನನ್ನನ್ನು ಬೇರೆಯವರಿಂದ ಕಾಯುವ ಏರ್ಪಾಡು. ಆ ಕೋಣೆಯ ನಿಯಮ ನನ್ನ ನಂತರ ಬರುವವರನ್ನು ನನ್ನಿಂದ ಕಾಯುತ್ತದೆ. ನೀರು ಅಷ್ಟೇ, ಶ್ರಮವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮೊದಲನೆಯದರಲ್ಲಿ ಪ್ರತಿಯೊಬ್ಬರೂ ಹಿಂದಿನವರನ್ನು ಶಂಕಿಸುತ್ತಲೇ ಶುರುಮಾಡಬೇಕು. ಶಿವಮೊಗ್ಗದ ಪಿಜಿಯ ಹುಡುಗಿಯರು ಮಷಿನ್ ಖಾಲಿ ಓಡಿಸಿ ಮಾಡುವುದೂ ಇದನ್ನೇ, ಅವರಲ್ಲಿ ಯಾರೂ ಮಡಿ ಹಿಡಿದವರಲ್ಲದಿದ್ದರೂ.

ಹೊಳೆಯಲ್ಲಿ ಒಗೆಯುತ್ತಿದ್ದ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ ಎನ್ನುವವರಿದ್ದಾರೆ. ಅಜ್ಜಿಯ ಹಿಂದೆ ಬಕೆಟ್ಟು ಹೊತ್ತು ಹೋಗುತ್ತಿದ್ದ ಹುಡುಗ ನಾನು. ಹೊಳೆದಂಡೆಯ ಆ ಮಾತು, ನಗು, ಒದ್ದೆ ಸೀರೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಹಿಂಡುವುದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಪ್ರತಿಯೊಬ್ಬರೂ ತಮ್ಮ ಗಂಟಿನ ಪಕ್ಕದಲ್ಲೇ ಇರುತ್ತಿದ್ದರು, ಒಡೆಯರಿಲ್ಲದ ಒದ್ದೆ ಬಟ್ಟೆ ಎಂಬುದೇ ಇರಲಿಲ್ಲ. ಅದರ ಜೊತೆಗೆ ಇನ್ನೊಂದೂ ನೆನಪಿದೆ. ನಮ್ಮ ಮನೆಯ ಕಲ್ಲು ಮೇಲಿತ್ತು. ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರ ಮನೆಯ ಹೆಂಗಸರು ಕೆಳಗೆ ಒಗೆಯುತ್ತಿದ್ದರು. ನಮ್ಮ ಸೋಪಿನ ನೊರೆ ಹಾದು ಹೋದ ನೀರು ಅವರಿಗೆ. ಯಾಕೆ ಹೀಗೆ ಎಂದು ಆ ಹುಡುಗ ಒಮ್ಮೆಯೂ ಕೇಳಲಿಲ್ಲ. ನನ್ನ ಅಪ್ಪ ಆ ಕಲ್ಲಿನ ಮೇಲೆ ಒಂದು ಪಂಚೆ ಕುಕ್ಕಿದ್ದನ್ನೂ ನಾನು ಕಂಡಿಲ್ಲ. ಸ್ಟಾಕ್‌ಹೋಮಿನ ಕೋಣೆಯಲ್ಲಿ ಬುಟ್ಟಿ ಹಿಡಿದು ಬರುವವರಲ್ಲಿ ಗಂಡಸರು ಧಾರಾಳ.

ಇನ್ನೂ ಹಿಂದಿನ ಕಾಲದಲ್ಲಿ ಮಡಿವಾಳರು ಬಂದು ಬಟ್ಟೆ ಒಯ್ಯುತ್ತಿದ್ದರಂತೆ. ಹತ್ತಾರು ಮನೆಯ ಬಟ್ಟೆಯನ್ನು ಒಟ್ಟಿಗೆ ಉಬ್ಬೆಗೆ ಹಾಕಿ ಬೇಯಿಸುತ್ತಿದ್ದರು. ಯಾರದು ಯಾವುದೆಂದು ತಿಳಿಯಲು ಕೇರು ಕಾಯಿಯ ಕಪ್ಪು ರಸದಿಂದ ಮೂಲೆಯಲ್ಲಿ ಗುರುತು. ಅಂದರೆ ಊರಿನ ಬಟ್ಟೆಯೆಲ್ಲ ಒಂದೇ ಹಬೆಯಲ್ಲಿ ಬೆರೆಯುತ್ತಿತ್ತು. ಎಲ್ಲರ ಬೆವರು, ಕಲೆ, ರಕ್ತ ನೋಡುವ ಮುಜುಗರವನ್ನು ನಾವು ಒಂದು ಕುಲದ ಮೇಲೆ ಹೊರಿಸಿದ್ದೆವು. ಆಮೇಲೆ ಅವರನ್ನೇ ದೂರ ನಿಲ್ಲಿಸಿದೆವು. 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಹೆಸರನ್ನು ಭಕ್ತಿಯಿಂದ ಹೇಳುವ ನಾಡಿನಲ್ಲೇ ಇದು ನಡೆಯಿತು. ಹಾಗಾಗಿ ಅಪರಿಚಿತರ ಜೊತೆ ಮಷಿನ್ ಹಂಚಿಕೊಳ್ಳುವಾಗ ಈಗ ನಮಗಾಗುವ ಇರುಸುಮುರುಸನ್ನು ನಾನು ಕೆಟ್ಟದ್ದೆನ್ನಲಾರೆ. ಅದು ಮೊದಲ ಸಲ ನಮ್ಮ ಪಾಲಿಗೆ ಬಂದಿದೆ.

ಮನೆಗೊಂದು ಮಷಿನ್ ಕೊಂಡರೆ ಮುಗಿಯಿತು ಎನ್ನಬಹುದು. ನಮ್ಮೂರಲ್ಲಿ ಹಾಗೇ ಆಗಿದೆ, ಹೊಳೆಯ ಕಲ್ಲುಗಳಿಗೆ ಪಾಚಿ ಹಿಡಿದಿದೆ. ಆದರೆ ಶಿವಮೊಗ್ಗಕ್ಕೆ ಓದಲು, ದುಡಿಯಲು ಬಂದು ಪಿಜಿ, ಹಾಸ್ಟೆಲುಗಳಲ್ಲಿರುವ ಮಕ್ಕಳಿಗೆ ಆ ದಾರಿಯಿಲ್ಲ. ಅವರ ಕಷ್ಟ ಒಗೆಯುವಲ್ಲಿಗೇ ನಿಲ್ಲುವುದೂ ಇಲ್ಲ. ಸ್ಟಾಕ್‌ಹೋಮಿನಲ್ಲಿ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರಿನ ಆಸುಪಾಸು. ಆದರೂ ಅಲ್ಲಿ ಬಿಸಿಗಾಳಿಯ ಕಪಾಟಿದೆ, ಬಟ್ಟೆ ಸರದಿಯೊಳಗೇ ಒಣಗುತ್ತದೆ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಹಳ್ಳಿಯಲ್ಲಾದರೆ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕುತ್ತೇವೆ, ಹೊಗೆ ವಾಸನೆ ಬಂದರೂ ಒಣಗುತ್ತದೆ. ಪಿಜಿಯಲ್ಲಿ ಒಲೆಯೆಲ್ಲಿ? ತಾರಸಿಯ ಶೀಟಿನ ಕೆಳಗೆ ಮೂರು ಹಗ್ಗ, 18 ಜನ. ಅದರಲ್ಲೂ ಒಳಉಡುಪನ್ನು ಯಾರೂ ಬಿಚ್ಚಿ ಹರವುವುದಿಲ್ಲ, ಟವೆಲ್ಲಿನ ಕೆಳಗೆ ಬಚ್ಚಿಟ್ಟು ಒಣಗಿಸುತ್ತಾರೆ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಹಸಿಯಾಗಿಯೇ ಹಾಕಿಕೊಂಡು ತೊಡೆಸಂದಿಯಲ್ಲಿ ಹುಳುಕಡ್ಡಿ ಬರಿಸಿಕೊಂಡು, ಅದನ್ನೂ ನಾಚಿಕೆಯಿಂದ ಮುಚ್ಚಿಡುತ್ತಾರೆ. ಹುಳುಕಡ್ಡಿ ಬಟ್ಟೆಯಿಂದ ಬಟ್ಟೆಗೂ ಹರಡುತ್ತದೆ. ಬಿಸಿನೀರಿನ ಒಗೆತ, 60 ಡಿಗ್ರಿ ಆದರೆ ಒಳ್ಳೆಯದು, ಆಮೇಲೆ ಪೂರ್ತಿ ಒಣಗಿಸುವುದು, ಇಷ್ಟು ಬೇಕು. ಪಿಜಿ ನಡೆಸುವವರು ಹೆಣ್ಣುಮಕ್ಕಳಿಗೆಂದು ಒಂದು ಮುಚ್ಚಿದ ಕೋಣೆ, ಅದರಲ್ಲಿ ಫ್ಯಾನು, ಸಾಕಷ್ಟು ಹಗ್ಗ ಕೊಟ್ಟರೆ ಬಚ್ಚಿಡುವ ಅಗತ್ಯವೇ ಬೀಳುವುದಿಲ್ಲ. ಬಾಡಿಗೆಯಲ್ಲಿ ಅದನ್ನು ಕೇಳುವ ಹಕ್ಕು ಇವರಿಗಿದೆ ಎಂದು ನಾನು ಅವಳಿಗೆ ಒತ್ತಿ ಹೇಳಿದೆ.

ಸರದಿಯ ಹಲಗೆಯ ವಿಷಯವನ್ನೂ ಹೇಳಿದೆ. ಅಕ್ಕ ಕೇಳಿಸಿಕೊಂಡು, "ಅದು ಅಲ್ಲಿಯವರ ರೀತಿ, ಇಲ್ಲಿ ಯಾರು ಒರೆಸಿಟ್ಟು ಹೋಗ್ತಾರೆ" ಅಂದಳು. ಆಗ ಒಳಗಿನಿಂದ ಅಮ್ಮ ಮಾತಾಡಿದಳು. "ಯಾಕೆ, ನಿಮ್ಮಜ್ಜಿ ಹೊಳೆಯಿಂದ ಏಳೋ ಮೊದಲು ಕಲ್ಲಿಗೆ ನಾಲ್ಕು ಬೊಗಸೆ ನೀರು ಹೊಯ್ದು ಕೈಯಲ್ಲಿ ಉಜ್ಜಿ ಬರ್ತಿರಲಿಲ್ವಾ? ನೊರೆ ಬಿಟ್ಟು ಬಂದ್ರೆ ಹಿಂದೆ ಬಂದವಳು ಜಾರಿ ಬೀಳ್ತಾಳೆ ಅಂತ."

ನನಗದು ಪೂರಾ ಮರೆತೇ ಹೋಗಿತ್ತು. ಅಜ್ಜಿಯ ಬಾಯಲ್ಲಿ "ಕಲ್ಲು ತೊಳ್ದಿಟ್ಟು ಬಾ" ಎಂಬುದು ದಿನವೂ ಕೇಳುತ್ತಿದ್ದ ಮಾತು. ಮೇಲಿನ ಕಲ್ಲು ಯಾರಿಗೆ, ಕೆಳಗಿನದು ಯಾರಿಗೆ ಎಂಬುದರಲ್ಲಿ ತಪ್ಪಿದವಳು ಇದೊಂದರಲ್ಲಿ ತಪ್ಪಿರಲಿಲ್ಲ.

ನಾನು ಸ್ಟಾಕ್‌ಹೋಮಿಗೆ ಮರಳಿ ಆರು ವಾರವಾಗಿದೆ. ಹುಡುಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಮಷಿನಿನ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ಭಾನುವಾರ ಬೆಳಗಿನ ಹೊತ್ತು ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಖಾಲಿ ಓಡಿಸುವುದನ್ನು ಮೂರ್ನಾಲ್ಕು ಜನ ಬಿಟ್ಟಿದ್ದಾರಂತೆ. ಒಣಗಿಸುವ ಕೋಣೆಯ ಬಗ್ಗೆ ಮಾಲೀಕರು ದೀಪಾವಳಿ ಕಳೆಯಲಿ ಎಂದಿದ್ದಾರೆ. ಮೊನ್ನೆ ಅವಳೇ ಪರೀಕ್ಷೆಯ ಗಡಿಬಿಡಿಯಲ್ಲಿ ಮಷಿನ್ ಹಾಕಿ ಮರೆತು ಹೋಗಿದ್ದಳು. ಸಂಜೆ ಬಂದು ನೋಡಿದರೆ ಯಾರೋ ಎಲ್ಲವನ್ನೂ ತೆಗೆದು ಅವಳ ಬಕೆಟ್ಟಿಗೆ ಹಾಕಿ, ಮೇಲೆ ಅವಳದೇ ಟವೆಲು ಹೊದಿಸಿಟ್ಟಿದ್ದರು. ಯಾರೆಂದು ಗುಂಪಿನಲ್ಲಿ ಅವಳು ಕೇಳಲಿಲ್ಲ. "ಸಾರಿ, ಥ್ಯಾಂಕ್ಸ್" ಎಂದಷ್ಟೇ ಬರೆದಳಂತೆ.